ಕೊಂಡಿ ಸಡಿಲವಾದರೆ ತೋಟ ಒಣಗೀತು

ಮೇಲುಕೋಟೆಯ ಬೆಟ್ಟದ ಮೇಲಿನ ಕೊಳ, ಕಲ್ಯಾಣಿಗಳನ್ನು ಕಂಡವರಿಗೆ ನೀರಿನ ಬೆಲೆಯನ್ನು ನಾವು ಬೇರೆ ಹೇಳಬೇಕಾಗಿಲ್ಲ. ಕೆಳಗಿನ ಪಾಂಡವಪುರದ ಬಯಲಿಗೆ ವಿಶ್ವೇಶ್ವರಯ್ಯ ನಾಲೆಯ ಆಸರೆಯುಂಟು. ನಾಲೆ ತಲುಪದ ಎತ್ತರದ ಹಳ್ಳಿಗಳಲ್ಲಿ ತೆಂಗು, ಅಡಿಕೆಗಳಿಗೆ ಕೊಳವೆ ಬಾವಿಯೇ ಗತಿ. ಬಾವಿಯ ನೀರು ಇಳಿದ ಮೇಲೂ ಪಂಪು ತಿರುಗುತ್ತಲೇ ಇದ್ದರೆ ಮೋಟಾರು ಸುಟ್ಟುಹೋಗುತ್ತದೆ. ಅದನ್ನು ಮೇಲೆತ್ತಿ, ರಿಪೇರಿ ಮಾಡಿಸಿ, ಮರಳಿ ಇಳಿಸುವಷ್ಟರಲ್ಲಿ ಏಪ್ರಿಲ್ ಬಿಸಿಲಿಗೆ ಎಳೆಯ ಅಡಿಕೆ ಗಿಡಗಳ ಸೋಗೆ ಜೋತುಬಿದ್ದಿರುತ್ತದೆ.

ಈ ನಷ್ಟವನ್ನು ತಪ್ಪಿಸಲೆಂದು ಬೆಳೆಗಾರರ ಮನೆಯ ಓದಿದ ಮಕ್ಕಳು ಬೆಂಗಳೂರಿನ ಎಸ್.ಪಿ. ರಸ್ತೆಯಿಂದ ಮೈಕ್ರೊಕಂಟ್ರೋಲರ್ ಬೋರ್ಡುಗಳನ್ನು ತಂದು ಪಂಪ್‌ಹೌಸಿನಲ್ಲಿ ಕೂರಿಸುವುದುಂಟು. ಇವುಗಳಲ್ಲಿ ಹೆಸರಾದ ಆರ್ಡುಯಿನೊ 2005ರಲ್ಲಿ ಇಟಲಿಯ ಇವ್ರಿಯಾ ಪಟ್ಟಣದಲ್ಲಿ ವಿದ್ಯಾರ್ಥಿಗಳ ಕಲಿಕೆಗಾಗಿ ಹುಟ್ಟಿದ್ದು. ಅದರ ಊನೊ ಮಾದರಿಯಲ್ಲಿ 14 ಡಿಜಿಟಲ್ ಪಿನ್ನುಗಳೂ 6 ಅನಲಾಗ್ ಪಿನ್ನುಗಳೂ ಇವೆ. ಬೋರ್ಡಿನ ಬುದ್ಧಿ ಚಿಪ್ಪಿನಲ್ಲಿದೆ, ನಿಜ. ಆದರೆ ತೋಟದಲ್ಲಿ ಅದು ಬಾಳುವುದೂ ಕೆಡುವುದೂ ಬಹುಮಟ್ಟಿಗೆ ಕೊಂಡಿಗಳನ್ನು, ಎಂದರೆ ಕನೆಕ್ಟರುಗಳನ್ನು, ಅವಲಂಬಿಸಿದೆ. ಆದುದರಿಂದ ಸದಸ್ಯರ ಅವಗಾಹನೆಗಾಗಿ ನಾಲ್ಕು ಮಾತು.

ಮೇಲುಕೋಟೆಯ ಅಕ್ಕ-ತಂಗಿ ಕೊಳಗಳು ಪಕ್ಕಪಕ್ಕದಲ್ಲೇ ಇವೆ; ಆದರೂ ಒಂದರ ನೀರು ಕುಡಿಯಲು ಯೋಗ್ಯ, ಇನ್ನೊಂದರದು ಅಲ್ಲ ಎಂಬುದು ಊರವರ ಮಾತು. ಬೋರ್ಡಿನ 5 ವೋಲ್ಟ್ ಮತ್ತು 3.3 ವೋಲ್ಟ್ ಪಿನ್ನುಗಳೂ ಹಾಗೆಯೇ: ನೆರೆಹೊರೆಯಲ್ಲಿದ್ದರೂ ಬೆರೆಸಬಾರದು. ಊನೊ 5 ವೋಲ್ಟಿನದು. ಇಎಸ್‌ಪಿ-32 ಬಗೆಯ ಬೋರ್ಡುಗಳು 3.3 ವೋಲ್ಟಿನವು. 5 ವೋಲ್ಟಿನ ಸಂವೇದಕವನ್ನು ಇವುಗಳಿಗೆ ನೇರವಾಗಿ ಕೊಟ್ಟರೆ ಚಿಪ್ಪು ಕೆಡಬಹುದು. ನಡುವೆ 10 ಸಾವಿರ ಮತ್ತು 20 ಸಾವಿರ ಓಮಿನ ಎರಡು ರೆಸಿಸ್ಟರುಗಳನ್ನಿಟ್ಟು, ದೊಡ್ಡದರ ಎರಡು ತುದಿಗಳ ನಡುವಿನಿಂದ ಸಂಕೇತ ಪಡೆದರೆ 5 ವೋಲ್ಟು ಸುಮಾರು 3.3ಕ್ಕೆ ಇಳಿಯುತ್ತದೆ.

ಊನೊ ಪಿನ್ನಿನಿಂದ 20 ಮಿಲಿಆಂಪಿಯರಿಗಿಂತ ಹೆಚ್ಚು ಕೇಳುವುದು ತರವಲ್ಲ. ಸಣ್ಣ ರಿಲೇ ಒಂದರ ಸುರುಳಿಯೇ ಸುಮಾರು 70 ಮಿಲಿಆಂಪಿಯರ್ ಬೇಡುತ್ತದೆ. ಆದ್ದರಿಂದ ನಡುವೆ ಟ್ರಾನ್ಸಿಸ್ಟರ್ ಇರಲೇಬೇಕು; ಬೆಳಕಿನ ಮೂಲಕ ಸಂಕೇತ ದಾಟಿಸುವ ಆಪ್ಟೊಕಪ್ಲರ್ ಇದ್ದರೆ ಇನ್ನೂ ಉತ್ತಮ. ಮೂರು ಫೇಸಿನ ಸ್ಟಾರ್ಟರಿಗೆ ಜೋಡಿಸುವ ಕೆಲಸವನ್ನು ಪರವಾನಗಿಯುಳ್ಳ ವಿದ್ಯುತ್ ಕೆಲಸಗಾರರಿಗೇ ಬಿಡತಕ್ಕದ್ದು.

ಬೋರ್ಡಿನೊಡನೆ ಬರುವ ಚುಚ್ಚು ತಂತಿಗಳು ಮೇಜಿನ ಮೇಲಿನ ಪ್ರಯೋಗಕ್ಕೆ ಸಾಕು. ಪಂಪಿನ ಅದುರಾಟಕ್ಕೆ ಅವು ದಿನದಿನಕ್ಕೆ ಸಡಿಲಗೊಳ್ಳುತ್ತವೆ. ಸ್ಕ್ರೂ ಟರ್ಮಿನಲ್ ಬಳಸುವುದು ಲೇಸು. ಅದರಲ್ಲಿಯೂ ತಂತಿಯ ತುದಿಗೆ ಬೆಸುಗೆಯ ಸೀಸ ಹಚ್ಚಿ ಬಿಗಿಯಬಾರದು. ಸೀಸ ಒತ್ತಡಕ್ಕೆ ನಿಧಾನವಾಗಿ ಹರಿದು, ಬಿಗಿದ ಸ್ಕ್ರೂ ತಾನಾಗಿ ಸಡಿಲವಾಗುತ್ತದೆ. ಎಳೆಗಳ ತುದಿಗೆ ಫೆರೂಲ್ ಎಂಬ ಲೋಹದ ಕೊಳವೆ ತೊಡಿಸಿ ಒತ್ತಿ, ಅನಂತರ ಬಿಗಿಯಬೇಕು.

ಬಾವಿಯಿಂದ ತೊಟ್ಟಿಗೆ ತಂತಿಯ ಹಾದಿ ದೂರವಿದ್ದಾಗ ವೋಲ್ಟೇಜ್ ಸಂಕೇತ ನಂಬಿಕೆಗೆ ಅರ್ಹವಲ್ಲ. ಕಾರ್ಖಾನೆಗಳಲ್ಲಿ ರೂಢಿಯಲ್ಲಿರುವ 4ರಿಂದ 20 ಮಿಲಿಆಂಪಿಯರ್ ಪದ್ಧತಿಯಲ್ಲಿ ಬರಿದಾದ ತೊಟ್ಟಿಗೆ 4, ತುಂಬಿದ ತೊಟ್ಟಿಗೆ 20. ಸೊನ್ನೆ ಬಂದರೆ ತಂತಿ ಹರಿದಿದೆ ಎಂದೇ ಅರ್ಥ. ನೀರಿಲ್ಲದಿರುವುದಕ್ಕೂ ಸುದ್ದಿಯೇ ಬಾರದಿರುವುದಕ್ಕೂ ಇರುವ ಈ ಭೇದವೇ ಮೋಟಾರನ್ನು ಉಳಿಸುವುದು. ಅಂಕೆಗಳನ್ನೇ ಕಳುಹಿಸಬೇಕಾದರೆ 1983ರಲ್ಲಿ ಗೊತ್ತುಪಡಿಸಿದ ಆರ್.ಎಸ್.-485 ಪದ್ಧತಿಯುಂಟು. ಹೆಣೆದ ಜೋಡಿ ತಂತಿಯಲ್ಲಿ, ಕಡಮೆ ವೇಗದಲ್ಲಿ, ಸುಮಾರು 1,200 ಮೀಟರ್ ದೂರ ಅದು ತಲುಪುತ್ತದೆ. ಎರಡೂ ಕೊನೆಗಳಲ್ಲಿ 120 ಓಮಿನ ರೆಸಿಸ್ಟರ್ ಇಡುವುದನ್ನು ಮರೆಯಬಾರದು.

ಇನ್ನು ಬೋರ್ಡೋ ದ್ರಾವಣದ ವಿಚಾರ. ದ್ರಾವಣಕ್ಕೆ ಸುಣ್ಣ ಸಾಲದಿದ್ದರೆ ಅದ್ದಿದ ಕಬ್ಬಿಣದ ಚಾಕುವಿಗೆ ತಾಮ್ರದ ಕೆಂಪು ಹತ್ತುವುದನ್ನು ಕಾಫಿ, ಅಡಿಕೆ ಬೆಳೆಗಾರರೆಲ್ಲರೂ ಬಲ್ಲರು. ಅದೇ ಮೈಲುತುತ್ತದ ಹನಿ ಟರ್ಮಿನಲ್ಲಿನ ಉಕ್ಕಿನ ಸ್ಕ್ರೂವನ್ನೂ ಬಿಡುವುದಿಲ್ಲ. ಬೋರ್ಡಿನ ಪೆಟ್ಟಿಗೆಯನ್ನು ಸಿಂಪರಣೆ ಸಾಮಾನಿನ ಜೊತೆ ಇಡಬೇಡಿ. ತಂತಿಗಳು ಪೆಟ್ಟಿಗೆಯ ತಳದಿಂದಲೇ ಒಳಹೋಗಲಿ. ಹೊರಗೆ ಅವು ಸ್ವಲ್ಪ ಜೋತುಬಿದ್ದಿದ್ದರೆ ಮಳೆನೀರು ಅಲ್ಲಿಯೇ ತೊಟ್ಟಿಕ್ಕುತ್ತದೆ. ಇರುವೆ ನುಗ್ಗದಂತೆ ರಂಧ್ರಗಳನ್ನು ಗ್ಲ್ಯಾಂಡಿನಿಂದ ಮುಚ್ಚಬೇಕು.

ಮುಂಗಾರಿಗೆ ಮುನ್ನ ಗುಡುಗು-ಸಿಡಿಲಿನ ದಿನಗಳು ಬರುತ್ತವೆ. ಅಷ್ಟರೊಳಗೆ ಒಮ್ಮೆ ವಿದ್ಯುತ್ ಕಡಿದು, ಪ್ರತಿ ಸ್ಕ್ರೂವನ್ನು ಬಿಗಿದು, ಪ್ರತಿ ತಂತಿಯನ್ನು ಮೆಲ್ಲನೆ ಎಳೆದು ನೋಡಿ. ಯಾವ ತಂತಿ ಯಾವ ಪಿನ್ನಿಗೆ ಎಂಬುದನ್ನು ಕಾಗದದಲ್ಲಿ ಬರೆದು ಪೆಟ್ಟಿಗೆಯ ಬಾಗಿಲಿನ ಒಳಮೈಗೆ ಅಂಟಿಸಿ. ಜೋಡಿಸಿದ ಮಗ ನಗರಕ್ಕೆ ಮರಳಿದ ಮೇಲೆ ತೋಟ ನೋಡಿಕೊಳ್ಳುವವರಿಗೆ ಆ ಕಾಗದವೇ ದಿಕ್ಕು. ಕೈಯಿಂದ ನಡೆಸುವ ಹಳೆಯ ಸ್ಟಾರ್ಟರನ್ನು ಮಾತ್ರ ಯಾವ ಕಾರಣಕ್ಕೂ ತೆಗೆದುಹಾಕಬೇಡಿರೆಂದು ಸದಸ್ಯ ಬಂಧುಗಳಲ್ಲಿ ನಮ್ಮ ವಿನಂತಿ.