ನಿಮಗಿದು ಗೊತ್ತೆ? ಬೆಳ್ಳಿತೆರೆಯ ಭವಿಷ್ಯ ಎಷ್ಟು ನಿಜವಾಯಿತು?

● 1968ರ ‘2001: ಎ ಸ್ಪೇಸ್ ಒಡಿಸ್ಸಿ’ ಚಿತ್ರದಲ್ಲಿ ಗಗನಯಾನಿಗಳು ಊಟ ಮಾಡುತ್ತಲೇ ಮೇಜಿನ ಮೇಲಿನ ತೆಳು ಪರದೆಯಲ್ಲಿ ಸುದ್ದಿ ನೋಡುತ್ತಾರೆ. ಟ್ಯಾಬ್ಲೆಟ್ ವಿನ್ಯಾಸದ ಬಗ್ಗೆ ಆ್ಯಪಲ್ ಹೂಡಿದ್ದ ಮೊಕದ್ದಮೆಯಲ್ಲಿ ಸ್ಯಾಮ್‌ಸಂಗ್ ಕಂಪನಿ 2011ರಲ್ಲಿ ಇದೇ ದೃಶ್ಯವನ್ನು ನ್ಯಾಯಾಲಯದ ಮುಂದಿಟ್ಟಿತ್ತು!

● 2001ರ ಹೊತ್ತಿಗೆ ಚಂದ್ರನ ಮೇಲೆ ಮನುಷ್ಯರ ನೆಲೆ ಇರುತ್ತದೆ ಎಂದೂ ಆ ಚಿತ್ರ ಊಹಿಸಿತ್ತು. ಆದರೆ 1972ರ ಡಿಸೆಂಬರ್ ನಂತರ ಅಲ್ಲಿ ಯಾರೂ ಕಾಲಿಟ್ಟಿಲ್ಲ. ಚಿತ್ರದಲ್ಲಿ ಬಾಹ್ಯಾಕಾಶಕ್ಕೆ ಪ್ರಯಾಣಿಕರನ್ನು ಒಯ್ಯುವ ಪ್ಯಾನ್ ಆ್ಯಮ್ ವಿಮಾನಯಾನ ಸಂಸ್ಥೆ 1991ರಲ್ಲೇ ಬಾಗಿಲು ಮುಚ್ಚಿತು.

● 1982ರ ‘ಬ್ಲೇಡ್ ರನ್ನರ್’ ತೋರಿಸಿದ್ದು 2019ರ ಲಾಸ್ ಏಂಜಲೀಸ್. ಅಲ್ಲಿ ಕಾರುಗಳು ಹಾರುತ್ತವೆ, ಮನುಷ್ಯರನ್ನೇ ಹೋಲುವ ಕೃತಕ ಜೀವಿಗಳಿವೆ. ಆದರೆ ನಾಯಕನ ಬಳಿ ಮೊಬೈಲ್ ಇಲ್ಲ. ವಿಡಿಯೊ ಕರೆಗೂ ಸಾರ್ವಜನಿಕ ದೂರವಾಣಿಯೇ ಗತಿ!

● 1989ರ ‘ಬ್ಯಾಕ್ ಟು ದ ಫ್ಯೂಚರ್’ ಸರಣಿಯ ಎರಡನೇ ಭಾಗದ ಕಥೆ 2015ರ ಅಕ್ಟೋಬರ್ 21ಕ್ಕೆ ಜಿಗಿಯುತ್ತದೆ. ಗೋಡೆ ಟಿ.ವಿ., ವಿಡಿಯೊ ಕರೆ, ಬೆರಳಚ್ಚು ಒತ್ತಿ ಹಣ ಪಾವತಿ ನಿಜವಾದವು. ಮನೆ ತುಂಬ ಇದ್ದ ಫ್ಯಾಕ್ಸ್ ಯಂತ್ರಗಳು ಮಾತ್ರ ಮೂಲೆ ಸೇರಿದವು. ತಾನೇ ಲೇಸ್ ಬಿಗಿದುಕೊಳ್ಳುವ ಶೂಗಳನ್ನು ನೈಕಿ ಕಂಪನಿ 2016ರಲ್ಲಿ ಮಾರಾಟಕ್ಕೆ ತಂದಿತು.

● ‘ಮೈನಾರಿಟಿ ರಿಪೋರ್ಟ್’ (2002) ಚಿತ್ರಕ್ಕಾಗಿ ನಿರ್ದೇಶಕ ಸ್ಟೀವನ್ ಸ್ಪೀಲ್‌ಬರ್ಗ್ 1999ರಲ್ಲೇ ತಜ್ಞರ ತಂಡವೊಂದನ್ನು ಸೇರಿಸಿ, 2054ರ ಜಗತ್ತು ಹೇಗಿರಬಹುದೆಂದು ಚರ್ಚಿಸಿದ್ದರು. ಕೈಸನ್ನೆಯಿಂದ ಕಂಪ್ಯೂಟರ್ ನಡೆಸುವುದು, ವ್ಯಕ್ತಿಯನ್ನು ಗುರುತಿಸಿ ತೋರಿಸುವ ಜಾಹೀರಾತು ಈಗಾಗಲೇ ಬಳಕೆಯಲ್ಲಿವೆ.

● ಒಟ್ಟಾರೆ, ಈ ಚಿತ್ರಗಳು ಪರದೆ ಮತ್ತು ಸಂಪರ್ಕದ ವಿಷಯದಲ್ಲಿ ಗೆದ್ದಿವೆ. ಸಂಚಾರದ ವಿಷಯದಲ್ಲಿ ಎಡವಿವೆ.