ಆಂಪ್ ಕೊಳ್ಳುವ ಮುನ್ನ ವೈರು ನೋಡಿ

ಕಾರಿಗೆ ಹೊಸ ಸ್ಟೀರಿಯೊ ಬಂದಿದೆ. ಟಚ್‌ಸ್ಕ್ರೀನ್ ಫಳಫಳ ಹೊಳೆಯುತ್ತಿದೆ, ಡಬ್ಬದ ಮೇಲೆ ನಾಲ್ಕು ಚಾನೆಲ್‌ಗೂ 50 ವ್ಯಾಟ್ ಎಂದು ದಪ್ಪಕ್ಷರದಲ್ಲಿ ಬರೆದಿದೆ. ಆದರೆ ಬೆಂಗಳೂರಿನ ಜೆ.ಸಿ. ರಸ್ತೆಯ ಅಂಗಡಿಯಿಂದ ಹೊರಟು ಬನಶಂಕರಿ ದೇವಸ್ಥಾನದ ಹತ್ತಿರ ಬರುವಷ್ಟರಲ್ಲಿ ಏನೋ ಸರಿಯಿಲ್ಲ ಅನ್ನಿಸತೊಡಗುತ್ತದೆ. ಹಾಡು ಕೇಳುತ್ತದೆ, ಹಾಡಿಗೆ ಮೈಯಿಲ್ಲ. ಮೃದಂಗದ ಬಲಗಡೆಯ ನಾದ ಸ್ಪಷ್ಟವಾಗಿದೆ, ಎಡಗಡೆಯ ತೊಪ್ಪಿಯ ಗುಮ್ಕಿ ಎಲ್ಲೋ ಕರಗಿಹೋಗಿದೆ. ಗಾಯಕರ ದನಿ ಎದುರಿನ ಗಾಜಿನ ನಡುವಿನಿಂದ ಬರುವ ಬದಲು ಕಾರಿನೊಳಗೆ ನೆಲೆಯಿಲ್ಲದೆ ತೇಲುತ್ತದೆ. ವಾಲ್ಯೂಮ್ ಏರಿಸಿದಷ್ಟೂ ಕಿರುಚುತ್ತದೆಯೇ ಹೊರತು ತುಂಬಿಕೊಳ್ಳುವುದಿಲ್ಲ.

ಇದನ್ನು ಹೇಳಿಕೊಂಡರೆ ಸಾಮಾನ್ಯವಾಗಿ ಸಿಗುವ ಸಲಹೆ ಒಂದೇ. “ಕಂಪನಿ ಸ್ಪೀಕರ್ ಅಲ್ವಾ ಸರ್, ಇಷ್ಟೇ ಬರೋದು. ಒಂದು ಆಂಪ್, ಒಂದು ಬೇಸ್ ಟ್ಯೂಬ್ ಹಾಕ್ಸಿಬಿಡಿ.” ಹೀಗೆ ಸಾವಿರಾರು ರೂಪಾಯಿ ಸುರಿಯುವವರನ್ನು ಕಂಡರೆ ನನಗೆ ಸಂಕಟವಾಗುತ್ತದೆ. ಮೇಲೆ ಹೇಳಿದ ಲಕ್ಷಣಗಳು ಒಟ್ಟಿಗೇ ಕಂಡಾಗ ಮೊದಲು ಅನುಮಾನಿಸಬೇಕಾದದ್ದು ಯಾವುದೋ ಒಂದು ಸ್ಪೀಕರಿನ ಎರಡು ವೈರು ಅದಲುಬದಲಾಗಿರುವುದನ್ನು. ಅದನ್ನು ಪತ್ತೆ ಮಾಡಲು ಯಾವ ಯಂತ್ರವೂ ಬೇಕಿಲ್ಲ, ಸ್ಟೀರಿಯೊದ ಬ್ಯಾಲೆನ್ಸ್ ಸೆಟ್ಟಿಂಗ್ ಸಾಕು.

ಸ್ಪೀಕರಿನ ಬೆನ್ನಿನಲ್ಲಿ ಎರಡು ಲೋಹದ ಪಟ್ಟಿಗಳಿರುತ್ತವೆ, ಒಂದು ಪ್ಲಸ್, ಇನ್ನೊಂದು ಮೈನಸ್. ಬಹುಪಾಲು ಸ್ಪೀಕರುಗಳಲ್ಲಿ ಅಗಲದ್ದು ಪ್ಲಸ್, ಕಿರಿದು ಮೈನಸ್. ಅಲ್ಲಿಗೆ ಬರುವ ಸಿಗ್ನಲ್ ಸೆಕೆಂಡಿಗೆ ಹತ್ತಾರು, ಸಾವಿರಾರು ಬಾರಿ ದಿಕ್ಕು ಬದಲಿಸುವ ವಿದ್ಯುತ್ತು. ಅದಕ್ಕೆ ತಕ್ಕಂತೆ ಕೋನ್ ಹಿಂದೆ ಮುಂದೆ ಓಡಾಡಿ ಗಾಳಿಯನ್ನು ತಳ್ಳುತ್ತದೆ, ಎಳೆಯುತ್ತದೆ. ಕಾರಿನಲ್ಲಿ ಒಂದೇ ಸ್ಪೀಕರ್ ಇದ್ದಿದ್ದರೆ ವೈರು ಹೇಗೆ ಸಿಕ್ಕಿಸಿದರೂ ಕಿವಿಗೆ ವ್ಯತ್ಯಾಸ ತಿಳಿಯುತ್ತಿರಲಿಲ್ಲ. ಎರಡು ಇದ್ದು, ಒಂದರಲ್ಲಿ ವೈರು ತಿರುಗಿದ್ದರೆ, ಎಡಬಾಗಿಲಿನ ಕೋನ್ ಗಾಳಿಯನ್ನು ತಳ್ಳುವ ಕ್ಷಣದಲ್ಲೇ ಬಲಬಾಗಿಲಿನದು ಎಳೆದುಕೊಳ್ಳುತ್ತದೆ.

ಶಬ್ದ ಗಾಳಿಯಲ್ಲಿ ಸೆಕೆಂಡಿಗೆ ಸುಮಾರು 343 ಮೀಟರ್ ಓಡುತ್ತದೆ. 60 ಹರ್ಟ್ಸ್‌ನ ಗಾಢ ಬೇಸ್ ಸ್ವರದ ಒಂದು ಅಲೆಯ ಉದ್ದ ಸುಮಾರು 5.7 ಮೀಟರ್. ಕಾರಿನ ಒಂದು ಬಾಗಿಲಿನಿಂದ ಇನ್ನೊಂದಕ್ಕೆ ಇರುವುದು ಒಂದೂವರೆ ಮೀಟರಿಗೂ ಕಡಿಮೆ. ಅಷ್ಟು ಉದ್ದದ ಅಲೆಗೆ ಈ ಅಂತರ ಏನೇನೂ ಅಲ್ಲ. ಹಾಗಾಗಿ ಎರಡು ಕಡೆಯಿಂದ ಬರುವ ತಳ್ಳು, ಎಳೆತಗಳು ನಿಮ್ಮ ಕಿವಿಯ ಬಳಿ ಹೆಚ್ಚುಕಡಿಮೆ ಒಂದೇ ಹೊತ್ತಿಗೆ ಸೇರಿ ಒಂದನ್ನೊಂದು ಅಳಿಸಿಹಾಕುತ್ತವೆ. 3000 ಹರ್ಟ್ಸ್‌ನ ಅಲೆ ಕೇವಲ 11 ಸೆಂಟಿಮೀಟರ್ ಉದ್ದದ್ದು. ತಲೆ ಒಂದಿಷ್ಟು ವಾಲಿದರೂ ಲೆಕ್ಕ ಬದಲಾಗುವುದರಿಂದ ಅಲ್ಲಿ ಪೂರ್ತಿ ಅಳಿಯುವುದು ಸಾಧ್ಯವಿಲ್ಲ. ಆದ್ದರಿಂದಲೇ ತಾಳ, ಗೆಜ್ಜೆ, ಪಿಟೀಲು ಕೇಳುತ್ತಲೇ ಇರುತ್ತವೆ, ಬೇಸ್ ಮಾತ್ರ ಸಾಯುತ್ತದೆ. ಗಾಯಕರ ದನಿಯನ್ನು ಸಾಮಾನ್ಯವಾಗಿ ಎಡಬಲ ಎರಡೂ ಚಾನೆಲ್‌ಗೆ ಸಮನಾಗಿ ಹಾಕಿ ಮಿಕ್ಸ್ ಮಾಡಿರುತ್ತಾರೆ. ಆ ಸಮತೋಲದಿಂದಲೇ ದನಿ ನಡುವಿನಿಂದ ಬಂದಂತೆ ಕೇಳುವುದು. ವೈರು ತಿರುಗಿದ್ದರೆ ಆ ನಡುವೇ ಇಲ್ಲವಾಗುತ್ತದೆ. ಇಂಥ ಕಾರಿಗೆ ಆಂಪ್ ಹಾಕಿದರೆ ಎರಡೂ ಅಲೆ ಸಮನಾಗಿ ಬಲವಾಗುತ್ತವೆ, ಸಮನಾಗಿಯೇ ಅಳಿಯುತ್ತವೆ.

ಪರೀಕ್ಷೆಗೆ ಕನಕಪುರ ರಸ್ತೆಯೂ ಬೇಡ, ದೇವೇಗೌಡ ಪೆಟ್ರೋಲ್ ಬಂಕಿನ ಆಸುಪಾಸಿನ ವರ್ತುಲ ರಸ್ತೆಯೂ ಬೇಡ. ಓಡುವ ಕಾರಿನಲ್ಲಿ ಟೈರು, ರಸ್ತೆಗಳಿಂದ ಏಳುವ ಸದ್ದಿನ ಬಹುಭಾಗ ಕೆಳಸ್ತರದ್ದೇ. ನಾವು ಹುಡುಕುವ ಬೇಸನ್ನು ಅದೇ ಮುಚ್ಚಿಬಿಡುತ್ತದೆ. ಬನಶಂಕರಿ ಎರಡನೇ ಹಂತದ ಯಾವುದಾದರೂ ತಣ್ಣಗಿನ ಅಡ್ಡರಸ್ತೆಯಲ್ಲಿ, ಹಗಲಿನಲ್ಲಿ, ಕಾರು ನಿಲ್ಲಿಸಿ ಗಾಜು ಏರಿಸಿ. ಲೌಡ್‌ನೆಸ್, ಬೇಸ್ ಬೂಸ್ಟ್, ಸರೌಂಡ್ ಎಂಬ ಹೆಸರಿನ ಎಲ್ಲವನ್ನೂ ಆಫ್ ಮಾಡಿ. ಎರಡೂ ಚಾನೆಲ್‌ನಲ್ಲಿ ಒಂದೇ ಸಿಗ್ನಲ್ ಇರುವ ಧ್ವನಿ ಬೇಕು. ಹಳೆಯ ಮಾನೊ ಧ್ವನಿಮುದ್ರಣಗಳು ಇದಕ್ಕೆ ಹೇಳಿ ಮಾಡಿಸಿದವು, 1960ರ ದಶಕದ ಚಿತ್ರಗೀತೆ ಹಾಕಿಕೊಳ್ಳಿ (ಸ್ಟೀರಿಯೊಗೆ ಮರುರೂಪಿಸಿದ್ದು ಬೇಡ, ಮೂಲದ್ದೇ ಇರಲಿ). ನಿಮ್ಮ ಸ್ಟೀರಿಯೊದಲ್ಲಿ ಎ.ಎಂ. ಬ್ಯಾಂಡ್ ಇದ್ದರೆ ಇನ್ನೂ ಸುಲಭ: 612 ಕಿಲೋಹರ್ಟ್ಸ್‌ಗೆ ಹೋಗಿ ಬೆಂಗಳೂರು ಆಕಾಶವಾಣಿ ಹಿಡಿಯಿರಿ. ಆ ಪ್ರಸಾರ ಮಾನೊ. ವಾರ್ತೆ ಓದುವ ಗಂಡಸಿನ ಕಂಠ ಸಿಕ್ಕರೆ ಅದಕ್ಕಿಂತ ಒಳ್ಳೆಯ ಪರೀಕ್ಷೆ ಇಲ್ಲ.

ಈಗ ಫೇಡರನ್ನು ಪೂರ್ತಿ ಮುಂದಕ್ಕೆ ತಳ್ಳಿ, ಹಿಂದಿನ ಸ್ಪೀಕರುಗಳು ಸುಮ್ಮನಾಗಲಿ. ಬ್ಯಾಲೆನ್ಸ್ ನಡುವಿನಲ್ಲಿಟ್ಟು ಸ್ವಲ್ಪ ಕೇಳಿ. ಆಮೇಲೆ ಪೂರ್ತಿ ಎಡಕ್ಕೆ, ಮತ್ತೆ ಪೂರ್ತಿ ಬಲಕ್ಕೆ ತಿರುಗಿಸಿ. ಎರಡು ಸ್ಪೀಕರ್ ಕೂಡಿ ನುಡಿದಾಗ ಒಂದಕ್ಕಿಂತ ಹೆಚ್ಚು ಬೇಸ್ ಬರಬೇಕಾದದ್ದು ನ್ಯಾಯ. ಅದರ ಬದಲು ಒಂದೇ ಕಡೆಗೆ ತಿರುಗಿಸಿದಾಗ ದನಿ ಗಟ್ಟಿಯಾಗಿ, ನಡುವಿಗೆ ತಂದಾಗ ಟೊಳ್ಳಾಗುತ್ತಿದ್ದರೆ ಮುಂದಿನ ಜೋಡಿಯಲ್ಲಿ ಒಂದು ತಿರುಗಿದೆ ಎಂದು ಧೈರ್ಯವಾಗಿ ಹೇಳಬಹುದು. ಫೇಡರ್ ಹಿಂದಕ್ಕೆ ತಂದು ಹಿಂದಿನ ಜೋಡಿಯನ್ನೂ ಹೀಗೇ ನೋಡಿ. ಕೊನೆಗೆ ಬ್ಯಾಲೆನ್ಸನ್ನು ಒಂದೇ ಪಕ್ಕಕ್ಕೆ ಇಟ್ಟು, ಆ ಪಕ್ಕದ ಮುಂದಿನ ಮತ್ತು ಹಿಂದಿನ ಸ್ಪೀಕರುಗಳು ಒಂದಕ್ಕೊಂದು ಹೊಂದುತ್ತವೆಯೇ ನೋಡಿ. ನಾಲ್ಕರಲ್ಲಿ ಹೊಂದದೆ ಉಳಿಯುವುದು ಯಾವುದು ಎಂದು ಅಷ್ಟರಲ್ಲಿ ತಿಳಿದಿರುತ್ತದೆ.

ಸರಿಪಡಿಸಲು ಡೋರ್ ಪ್ಯಾಡ್ ಬಿಚ್ಚಬೇಕಿಲ್ಲ. ಬಿಚ್ಚಿದರೆ ಪ್ಲಾಸ್ಟಿಕ್ ಕ್ಲಿಪ್ ಮುರಿಯುವ ಸಂಭವವೇ ಹೆಚ್ಚು, ಆಮೇಲೆ ಬಾಗಿಲು ಗಡಗಡ ಎನ್ನುವುದು ಬೇರೆ. ಸ್ಟೀರಿಯೊದ ಹಿಂದೆ ಎಲ್ಲ ವೈರು ಬಂದು ಸೇರುವ ಕಪ್ಲರ್ ಇರುತ್ತದೆ. ಹೊರಗಡೆ ಕೊಂಡ ಬಹುತೇಕ ಸ್ಟೀರಿಯೊಗಳಲ್ಲಿ ಬಿಳಿ ವೈರು ಮುಂದಿನ ಎಡಕ್ಕೆ, ಬೂದು ಮುಂದಿನ ಬಲಕ್ಕೆ, ಹಸಿರು ಹಿಂದಿನ ಎಡಕ್ಕೆ, ನೇರಳೆ ಹಿಂದಿನ ಬಲಕ್ಕೆ. ಅದೇ ಬಣ್ಣಕ್ಕೆ ಕಪ್ಪು ಗೆರೆ ಇದ್ದರೆ ಮೈನಸ್. ಬ್ಯಾಟರಿಯ ಮೈನಸ್ ಕಳಚಿ, ತಪ್ಪಿದ ಸ್ಪೀಕರಿನ ಜೋಡಿ ವೈರನ್ನು ಅಲ್ಲಿಯೇ ಅದಲುಬದಲು ಮಾಡಿ ಗಟ್ಟಿಯಾಗಿ ಸುತ್ತಿ ಇನ್ಸುಲೇಶನ್ ಟೇಪ್ ಹಾಕಿ. ನಾಲ್ಕೂ ಒಂದೇ ದಿಕ್ಕಿನಲ್ಲಿ ಚಲಿಸಿದರೆ ಸಾಕು. ಕಿವಿ ಕೇಳುವುದು ಅವುಗಳ ನಡುವಿನ ಹೊಂದಾಣಿಕೆಯನ್ನು.

ತಪ್ಪು ನುಸುಳುವುದೂ ಈ ಕಪ್ಲರಿನಲ್ಲೇ. ಸ್ಟೀರಿಯೊದ ಬಣ್ಣಗಳು ಒಂದು ಪದ್ಧತಿಗೆ ಬಂದಿವೆ, ಕಾರು ಕಂಪನಿಗಳ ವೈರಿನ ಬಣ್ಣಗಳು ಹಾಗಲ್ಲ, ಒಂದೊಂದರದ್ದು ಒಂದೊಂದು ರೀತಿ. ಕಂಪನಿಯ ಕಪ್ಲರ್ ಕತ್ತರಿಸಿ ಅಂದಾಜಿನ ಮೇಲೆ ಜೋಡಿಸಿದರೆ ಎಂಟು ವೈರಿನಲ್ಲಿ ಒಂದು ಜೋಡಿ ತಿರುಗುವುದು ದೊಡ್ಡ ಮಾತಲ್ಲ. ಹಾಡಂತೂ ಬರುತ್ತದೆ, ಹಾಗಾಗಿ ಯಾರಿಗೂ ಅನುಮಾನ ಬರುವುದಿಲ್ಲ. ಕಾರಿನ ಮಾಡೆಲ್‌ಗೆ ಹೊಂದುವ ಕಪ್ಲರ್ ಬಿಡಿಯಾಗಿ ಸಿಗುತ್ತದೆ. ಅದನ್ನೇ ಕೇಳಿ ಹಾಕಿಸಿಕೊಳ್ಳಿ, ಒಂದು ವೈರನ್ನೂ ಕತ್ತರಿಸಲು ಬಿಡಬೇಡಿ. ಹಳದಿ ತೋಳು ಹೊದಿಸಿದ ವೈರು ಅಥವಾ ಹಳದಿ ಕಪ್ಲರ್ ಕಂಡರೆ ಅದು ಏರ್‌ಬ್ಯಾಗಿನದು, ಕೈ ಹಾಕಲೇಬಾರದು.

ಸ್ಪೀಕರ್ ಹೇಗೂ ಹೊರಗೆ ಬಂದಿದ್ದರೆ ಗೋಡೆ ಗಡಿಯಾರದ 1.5 ವೋಲ್ಟ್ ಸೆಲ್ ಹಿಡಿದು ನೋಡಬಹುದು. ಸ್ಪೀಕರಿನ ಎರಡೂ ವೈರನ್ನು ಸ್ಟೀರಿಯೊದಿಂದ ಬಿಡಿಸಿ, ಸೆಲ್ಲಿನ ಪ್ಲಸ್ಸನ್ನು ಸ್ಪೀಕರಿನ ಪ್ಲಸ್‌ಗೆ, ಮೈನಸ್ಸನ್ನು ಮೈನಸ್‌ಗೆ ಒಂದು ಕ್ಷಣ ತಾಗಿಸಿ. ‘ಟಪ್’ ಎಂದು ಕೋನ್ ಹೊರಕ್ಕೆ ಬಂದರೆ ಗುರುತು ಸರಿ, ಒಳಕ್ಕೆ ಹೋದರೆ ತಿರುವುಮುರುವು. ಕಾರಿನ ಬ್ಯಾಟರಿಯನ್ನು ಈ ಕೆಲಸಕ್ಕೆ ಬಳಸಿದರೆ ಕಾಯಿಲ್ ಸುಟ್ಟೀತು. ಮೇಲಿನ ಸ್ವರಗಳಿಗೆಂದೇ ಇರುವ ಪುಟ್ಟ ಸ್ಪೀಕರ್, ಅಂದರೆ ಟ್ವೀಟರಿನಲ್ಲಿ ಈ ಚಲನೆ ಕಾಣುವುದಿಲ್ಲ. ಜೊತೆಗೆ, ಟ್ವೀಟರ್ ಬೇರೆಯಾಗಿ ಬರುವ ಕಾಂಪೊನೆಂಟ್ ಸೆಟ್‌ಗಳಲ್ಲಿ, ಸ್ವರಗಳನ್ನು ಹಂಚಿಕೊಡುವ ಕ್ರಾಸ್‌ಓವರಿನ ಲೆಕ್ಕಕ್ಕಾಗಿ ಕೆಲವೊಮ್ಮೆ ತಯಾರಕರೇ ಟ್ವೀಟರನ್ನು ಉಲ್ಟಾ ಜೋಡಿಸಲು ಹೇಳಿರುತ್ತಾರೆ. ಅದನ್ನು ‘ಸರಿ’ ಮಾಡಲು ಹೋಗಬೇಡಿ.

ವ್ಯಾಟಿನ ವಿಷಯ ಇಲ್ಲೇ ಹೇಳಬೇಕು. ಎಂಜಿನ್ ಓಡುವಾಗ ಕಾರಿನಲ್ಲಿ ಸಿಗುವುದು ಸುಮಾರು 14.4 ವೋಲ್ಟ್. ಅದರಿಂದ 4 ಓಮ್ ಸ್ಪೀಕರಿಗೆ ಶುದ್ಧವಾಗಿ ಕೊಡಬಹುದಾದ ಶಕ್ತಿ ಲೆಕ್ಕದಲ್ಲಿ 26 ವ್ಯಾಟ್ ದಾಟುವುದಿಲ್ಲ. ನಿಜದಲ್ಲಿ 15ರಿಂದ 20. ಡಬ್ಬದ ಮೇಲಿನ 50 ಎಂಬುದು ಕ್ಷಣಮಾತ್ರದ ಗರಿಷ್ಠ. ಇದರಿಂದ ಬೇಸರ ಬೇಡ, 15 ವ್ಯಾಟ್ ಕಾರಿನೊಳಗೆ ಧಾರಾಳ. ಶಕ್ತಿ ಎರಡು ಪಟ್ಟಾದರೆ ಹೆಚ್ಚುವುದು ಬರೀ 3 ಡೆಸಿಬೆಲ್, ಕಿವಿಗೆ ಎರಡು ಪಟ್ಟು ಜೋರು ಅನ್ನಿಸಬೇಕಾದರೆ ಹತ್ತು ಪಟ್ಟು ಶಕ್ತಿ ಬೇಕು. ಹೊಸ ಸ್ಪೀಕರ್ ಕೊಳ್ಳುವಾಗ ‘300 ವ್ಯಾಟ್’ ಎಂಬುದನ್ನು ಬಿಟ್ಟು ಸೆನ್ಸಿಟಿವಿಟಿ, ಅಂದರೆ ಅಷ್ಟೇ ಶಕ್ತಿಗೆ ಎಷ್ಟು ಜೋರಾಗಿ ನುಡಿಯುತ್ತದೆ ಎಂಬುದನ್ನು ನೋಡಿ. 88 ಡೆಸಿಬೆಲ್‌ನ ಸ್ಪೀಕರ್ ಬದಲು 91ರದ್ದು ಹಾಕಿದರೆ ಆಂಪ್‌ನ ಶಕ್ತಿ ಎರಡು ಪಟ್ಟಾದಷ್ಟೇ ಫಲ ಪುಕ್ಕಟೆಯಾಗಿ ಸಿಗುತ್ತದೆ.

ಇಷ್ಟು ಕಡಿಮೆ ವೋಲ್ಟಿನಲ್ಲಿ ಅಷ್ಟು ಶಕ್ತಿ ತೆಗೆಯಲು ಸ್ಟೀರಿಯೊ ಸ್ಪೀಕರಿನ ಎರಡೂ ವೈರನ್ನು ಚಾಲನೆ ಮಾಡುತ್ತದೆ. ಮೈನಸ್ ಎಂದು ಬರೆದಿದ್ದರೂ ಅದರಲ್ಲಿ ಬ್ಯಾಟರಿಯ ಅರ್ಧದಷ್ಟು, 6-7 ವೋಲ್ಟ್ ಇರುತ್ತದೆ. ಹಾಗಾಗಿ ಅದನ್ನು ಕಾರಿನ ಲೋಹದ ಬಾಡಿಗೆ ಅರ್ಥ್ ಮಾಡಿದರೆ ಸ್ಟೀರಿಯೊದ ಔಟ್‌ಪುಟ್ ಐಸಿ ಕೆಡಬಹುದು. ಸ್ಪೀಕರಿನ ಮೈನಸ್ಸನ್ನು ಬಾಡಿಗೇ ಕೊಟ್ಟಿರುವ ಹಳೆಯ ಕಾಲದ ಕಾರು ಮನೆಯಲ್ಲಿದ್ದರೆ, ಹೊಸ ಸ್ಟೀರಿಯೊದಿಂದ ಪ್ರತಿ ಸ್ಪೀಕರಿಗೂ ಹೊಸದಾಗಿ ಎರಡೆಳೆ ವೈರು ಎಳೆಸಲೇಬೇಕು.

ಪೊಲಾರಿಟಿ, ಅಂದರೆ ಪ್ಲಸ್ ಮೈನಸ್ ಜೋಡಣೆ, ಸರಿಯಿದ್ದೂ ದನಿ ಕುಗ್ಗಿದ್ದರೆ? ಎಲ್ಲ ಸ್ಪೀಕರೂ ಒಟ್ಟಿಗೆ ಕುಗ್ಗಿದ್ದರೆ ಮೊದಲು ಫೋನ್ ನೋಡಿ, ಬ್ಲೂಟೂತಿನಲ್ಲಿ ಫೋನಿನ ಮೀಡಿಯಾ ವಾಲ್ಯೂಮ್ ಅರ್ಧದಲ್ಲೇ ನಿಂತಿರಬಹುದು. ಆಕ್ಸ್ ವೈರಿನಲ್ಲಿ ಗಾಯಕರ ದನಿ ಮಾಯವಾಗಿ ಹಿನ್ನೆಲೆ ವಾದ್ಯ ಮಾತ್ರ ಕೇಳುತ್ತಿದ್ದರೆ ಪಿನ್ನಿನ ಅರ್ಥ್ ಎಳೆ ಕಡಿದಿದೆ, ವೈರು ಬದಲಿಸಿ. ಒಂದೇ ಸ್ಪೀಕರ್ ಕುಗ್ಗಿದ್ದರೆ ಕಪ್ಲರಿನಲ್ಲಿ ಎಡಬಲ ಜೋಡಿಗಳನ್ನು ಅದಲುಬದಲು ಮಾಡಿ: ತೊಂದರೆ ಇನ್ನೊಂದು ಬಾಗಿಲಿಗೆ ಹೋದರೆ ಸ್ಟೀರಿಯೊದ ದೋಷ, ಅಲ್ಲೇ ನಿಂತರೆ ಸ್ಪೀಕರ್ ಅಥವಾ ಅದರ ವೈರಿನ ದೋಷ. ಮಲ್ಟಿಮೀಟರ್ ಇದ್ದರೆ ಕಳಚಿದ 4 ಓಮ್ ಸ್ಪೀಕರ್ ಸುಮಾರು 3.2ರಿಂದ 3.8 ಓಮ್ ತೋರಿಸಬೇಕು. ಸ್ಪೀಕರ್ ಚೆನ್ನಾಗಿದ್ದು, ಸ್ಟೀರಿಯೊ ಕಡೆಯಿಂದ ಅಳೆದಾಗ 7-8 ಓಮ್ ಬಂದರೆ ದಾರಿಯಲ್ಲೆಲ್ಲೋ ಜಾಯಿಂಟ್ ತುಕ್ಕು ಹಿಡಿದಿದೆ. 4 ಓಮ್‌ನ ಕೆಟ್ಟ ಜಾಯಿಂಟ್ ಒಂದಿದ್ದರೆ ಸ್ಪೀಕರಿಗೆ ತಲುಪುವುದು ಕಾಲುಭಾಗ ಶಕ್ತಿ. ವೈರು ತೆಳು ಎಂಬ ದೂರು ಮಾತ್ರ ಅಷ್ಟು ಹುರುಳಿಲ್ಲದ್ದು: ಅರ್ಧ ಚದರ ಮಿಲಿಮೀಟರಿನ ತಾಮ್ರದ ವೈರು ನಾಲ್ಕು ಮೀಟರ್ ಹೋಗಿ ಬಂದರೂ ಕಳೆಯುವುದು 0.3 ಓಮ್ ಒಳಗೆ.

ನಮ್ಮ ಊರಿನಲ್ಲಿ ಆ ತುಕ್ಕು ಬರುವುದು ಮಳೆಯಿಂದ. ಕಿಟಕಿ ಗಾಜಿನ ರಬ್ಬರ್ ಮೂಲಕ ಬಾಗಿಲಿನೊಳಗೆ ನೀರು ಇಳಿಯುವುದು ಸಹಜ, ಅದು ಹರಿದುಹೋಗಲೆಂದೇ ಬಾಗಿಲಿನ ಅಡಿಯಲ್ಲಿ ತೂತುಗಳಿರುತ್ತವೆ. ಬನಶಂಕರಿ, ಜಯನಗರಗಳಲ್ಲಿ ಮರದಡಿ ಬೀದಿಯಲ್ಲೇ ನಿಲ್ಲುವ ಕಾರುಗಳಲ್ಲಿ ಎಲೆಪುಡಿ, ಧೂಳು ಸೇರಿ ಆ ತೂತು ಕಟ್ಟಿಕೊಳ್ಳುತ್ತದೆ. ಮೇ ತಿಂಗಳಿನಿಂದ ಅಕ್ಟೋಬರ್‌ವರೆಗೆ ಬಾಗಿಲು ತೇವದಲ್ಲೇ ಇರುತ್ತದೆ. ಕಾಗದದ ಕೋನ್ ಉಬ್ಬುತ್ತದೆ, ಸ್ಪೀಕರಿನ ಬೆನ್ನಿನ ಲೋಹದ ಪಟ್ಟಿಗಳು ಹಸಿರುಗಟ್ಟುತ್ತವೆ. ಮಳೆಗಾಲಕ್ಕೆ ಮುಂಚೆ ಬೆಂಕಿಕಡ್ಡಿಯಲ್ಲಿ ಆ ತೂತು ಬಿಡಿಸುವುದು ಎರಡು ನಿಮಿಷದ ಕೆಲಸ. ಬಾಗಿಲು ತೆರೆದು ಮುಚ್ಚುವಾಗ ದನಿ ಬಂದು ಹೋಗುತ್ತಿದ್ದರೆ ಕೀಲಿನ ಬಳಿಯ ರಬ್ಬರ್ ಕೊಳವೆಯೊಳಗೆ ವೈರು ಮುರಿದಿದೆ.

ಡೋರ್ ಪ್ಯಾಡಿನ ಹಿಂದೆ ಒಂದು ಪ್ಲಾಸ್ಟಿಕ್ ಹಾಳೆ ಅಂಟಿಸಿರುತ್ತಾರೆ. ಸ್ಪೀಕರ್ ಹಾಕುವ ಅವಸರದಲ್ಲಿ ಅದನ್ನು ಹರಿದು ಬಿಸಾಡಿರುವುದುಂಟು. ಆ ಹಾಳೆ ನೀರನ್ನು ತಡೆಯುತ್ತದೆ, ಬಾಗಿಲಿನ ಒಳಮೈಯ ದೊಡ್ಡ ತೂತುಗಳನ್ನೂ ಮುಚ್ಚುತ್ತದೆ. ಕೋನಿನ ಹಿಂದಿನ ಅಲೆ ಮುಂದಿನ ಅಲೆಗೆ ಯಾವಾಗಲೂ ವಿರುದ್ಧ. ಆ ತೂತುಗಳಿಂದ ಹಿಂದಿನ ಅಲೆ ಕಾರಿನೊಳಗೆ ನುಗ್ಗಿದರೆ, ಪ್ಲಸ್ ಮೈನಸ್ ಎಲ್ಲ ಸರಿಯಿದ್ದರೂ ಬೇಸ್ ಸಾಯುತ್ತದೆ. ಸ್ಪೀಕರ್ ಕೂರುವ ರಿಂಗಿನ ಸುತ್ತ ಫೋಮ್ ಪಟ್ಟಿ, ಬಾಗಿಲಿನ ದೊಡ್ಡ ತೂತುಗಳಿಗೆ ಬ್ಯೂಟೈಲ್ ಡ್ಯಾಂಪಿಂಗ್ ಹಾಳೆ ಹಾಕಿಸಿದರೆ ಅದೇ ಕಂಪನಿ ಸ್ಪೀಕರಿನಿಂದ ಎಷ್ಟು ತುಂಬಿದ ದನಿ ಬರುತ್ತದೆಂದು ನೀವೇ ಕೇಳಿ. ಒಂದು ಆಂಪ್‌ನ ದುಡ್ಡಿನಲ್ಲಿ ಸಣ್ಣ ಪಾಲನ್ನು ಇದಕ್ಕೆ ಇಡಿ ಎಂದು ಕೇಳಿದವರಿಗೆಲ್ಲ ಹೇಳುತ್ತೇನೆ.

ಇದೆಲ್ಲ ಆದ ಮೇಲೂ ಬೇಸ್ ಟ್ಯೂಬ್ ಬೇಕೆನಿಸಿದರೆ ಸಂತೋಷವಾಗಿ ಹಾಕಿಸಿ. ಅದರಲ್ಲಿ ಫೇಸ್ ಎಂಬ ಸ್ವಿಚ್ ಇರುತ್ತದೆ, 0 ಮತ್ತು 180. ಟ್ಯೂಬ್ ಇರುವುದು ಡಿಕ್ಕಿಯಲ್ಲಿ, ನೀವು ಕೂರುವುದು ಮುಂದೆ. ಹಾಗಾಗಿ ಇಲ್ಲಿ ಸರಿ ತಪ್ಪನ್ನು ಬಣ್ಣ ನೋಡಿ ಹೇಳಲಾಗದು. ನೀವು ಸ್ಟೀರಿಂಗ್ ಹಿಂದೆ ಕೂತು, ಅಂಗಡಿಯವರಿಗೆ ಆ ಸ್ವಿಚ್ಚನ್ನು ಆಚೀಚೆ ಹಾಕಲು ಹೇಳಿ. ಯಾವುದರಲ್ಲಿ ಬೇಸ್ ಹೆಚ್ಚು ತುಂಬಿ ಬರುತ್ತದೋ ಅಲ್ಲೇ ಬಿಡಿಸಿ. ಬಿಲ್ ಕೊಡುವ ಮೊದಲು ಬ್ಯಾಲೆನ್ಸ್ ಪರೀಕ್ಷೆಯನ್ನು ಅಲ್ಲೇ, ಅವರ ಎದುರಿಗೇ ಇನ್ನೊಮ್ಮೆ ಮಾಡಿ.