ಒಂದೇ ರಸ್ತೆಯಲ್ಲಿ ವೃತ್ತಿಪರರೂ ಹವ್ಯಾಸಿಗಳೂ: ಇದು ನ್ಯಾಯವೇ?

ಇವತ್ತು ಒಂದು ಪ್ರಶ್ನೆಯಿಂದ ಶುರು ಮಾಡ್ತೀನಿ. ಭಾನುವಾರ ಬೆಳಗ್ಗೆ ನಿಮ್ಮ ಬಡಾವಣೆಯ ಮೈದಾನದಲ್ಲಿ ಟೆನಿಸ್ ಬಾಲ್ ಕ್ರಿಕೆಟ್ ಟೂರ್ನಿ ನಡೀತಾ ಇದೆ ಅಂದ್ಕೊಳ್ಳಿ. ಒಂದು ಕಡೆ ಬ್ಯಾಂಕ್ ನೌಕರ, ಮೆಡಿಕಲ್ ಶಾಪಿನ ಹುಡುಗ, ಹೈಸ್ಕೂಲ್ ಮೇಷ್ಟ್ರು. ಇನ್ನೊಂದು ಕಡೆಯಿಂದ ಪ್ಯಾಡ್ ಕಟ್ಟಿಕೊಂಡು ಇಳಿಯೋದು ಭಾರತ ತಂಡದ ಆಟಗಾರ. ನೋಡೋಕೆ ಜನ ಮುಗಿಬೀಳ್ತಾರೆ, ಅದರಲ್ಲಿ ಅನುಮಾನ ಇಲ್ಲ. ಆದರೆ ಅದು ಪಂದ್ಯವಾ, ಪ್ರದರ್ಶನವಾ?

ಸೈಕಲ್ ಲೋಕದಲ್ಲಿ ಕೆಲವು ವರ್ಷಗಳಿಂದ ಇದೇ ಚರ್ಚೆ. ಅಲ್ಟ್ರಾ ಡಿಸ್ಟನ್ಸ್ ರೇಸ್ ಅಂತ ಕೇಳಿರ್ತೀರಿ. ಸಾವಿರಾರು ಕಿಲೋಮೀಟರ್ ದೂರದ, ಹಗಲು ರಾತ್ರಿ ನಡೆಯುವ ಸೈಕಲ್ ಸ್ಪರ್ಧೆ. ಇದನ್ನು ಕಟ್ಟಿ ಬೆಳೆಸಿದವರು ಹವ್ಯಾಸಿಗಳು. ಆಫೀಸಿಗೆ ರಜೆ ಹಾಕಿ, ಸ್ವಂತ ಸಂಬಳದಲ್ಲಿ ಸೈಕಲ್ ಕೊಂಡು, ಮನೆಯವರನ್ನು ಒಪ್ಪಿಸಿ ಬಂದವರು. ಈಗ ಅದೇ ಸಾಲಿಗೆ ವೃತ್ತಿಪರ ರೈಡರ್‌ಗಳು ಬಂದು ನಿಲ್ತಿದ್ದಾರೆ.

ಮೊದಲು ಈ ಆಟ ಏನು ಅಂತ ಅರ್ಥ ಮಾಡಿಕೊಳ್ಳೋಣ. ಟೂರ್ ಡಿ ಫ್ರಾನ್ಸ್ ನೀವು ನೋಡಿರ್ತೀರಿ. 21 ಹಂತ, ಸುಮಾರು 3,400 ಕಿಲೋಮೀಟರ್, ಮೂರು ವಾರ. ರೈಡರ್ ಹಿಂದೆ ತಂಡದ ಕಾರು ಇರುತ್ತೆ. ಚಕ್ರ ಪಂಕ್ಚರ್ ಆದರೆ ಹೊಸ ಚಕ್ರ, ಬಾಯಾರಿದರೆ ನೀರು, ರಾತ್ರಿ ಹೋಟೆಲ್, ಕಾಲು ತಿಕ್ಕೋಕೆ ಒಬ್ಬ ಆಳು.

ಈಗ ಇನ್ನೊಂದು ರೇಸ್ ನೋಡಿ. ಬ್ರಿಟನ್ನಿನ ಮೈಕ್ ಹಾಲ್ 2013ರಲ್ಲಿ ಆರಂಭಿಸಿದ ಟ್ರಾನ್ಸ್‌ಕಾಂಟಿನೆಂಟಲ್ ರೇಸ್. ಯುರೋಪಿನ ಒಂದು ತುದಿಯಿಂದ ಇನ್ನೊಂದು ತುದಿಗೆ, ಸುಮಾರು 4,000 ಕಿಲೋಮೀಟರ್. ಮೊದಲ ವರ್ಷ ಲಂಡನ್‌ನಿಂದ ಇಸ್ತಾಂಬುಲ್‌ಗೆ ಹೋದರು. ನಿಯಮ ಕೇಳಿ. ಹೊರಟ ಕ್ಷಣದಿಂದ ಗಡಿಯಾರ ನಿಲ್ಲೋದಿಲ್ಲ. ನೀವು ಮಲಗಿದರೂ ಓಡುತ್ತೆ, ಊಟಕ್ಕೆ ಕೂತರೂ ಓಡುತ್ತೆ. ಚೆಕ್‌ಪಾಯಿಂಟ್‌ಗಳ ನಡುವಿನ ದಾರಿ ನೀವೇ ಹುಡುಕಬೇಕು. ಹೊರಗಿನವರ ಸಹಾಯ ಇಲ್ಲ. ಅಂಗಡಿಯಲ್ಲಿ ದುಡ್ಡು ಕೊಟ್ಟು ತಿಂಡಿ ತಗೋಬಹುದು, ಯಾಕಂದ್ರೆ ಅದು ಎಲ್ಲರಿಗೂ ಸಿಗುತ್ತೆ. ಆದರೆ ಗೆಳೆಯ ದಾರಿಯಲ್ಲಿ ಕಾದು ನಿಂತು ಊಟದ ಡಬ್ಬಿ ಕೊಟ್ಟರೆ ಅದು ತಪ್ಪು. ಬೇರೆಯವರ ಬೆನ್ನಿಗೆ ಅಂಟಿಕೊಂಡು ಗಾಳಿ ತಪ್ಪಿಸಿಕೊಂಡು ತುಳಿಯೋ ಹಾಗಿಲ್ಲ. ಇಷ್ಟೆಲ್ಲ ಮಾಡಿ ಗೆದ್ದರೆ ಬಹುಮಾನದ ಹಣ ಎಷ್ಟು? ಸೊನ್ನೆ.

ಇಂಥಾ ಆಟಕ್ಕೆ ಸಂಬಳ ಪಡೆಯೋ ರೈಡರ್ ಯಾಕೆ ಬರಬೇಕು? 2019ರಲ್ಲಿ ಇಎಫ್ ಎಜುಕೇಶನ್ ಫಸ್ಟ್ ಅನ್ನುವ ವೃತ್ತಿಪರ ತಂಡ ತನ್ನ ಕೆಲವು ರೈಡರ್‌ಗಳನ್ನು ಉದ್ದೇಶಪೂರ್ವಕವಾಗಿ ಇಂಥ ರೇಸ್‌ಗಳಿಗೆ ಕಳಿಸಿತು. ಅದರಲ್ಲಿ ಒಬ್ಬರು ಆಸ್ಟ್ರೇಲಿಯಾದ ಲಾಕ್ಲನ್ ಮಾರ್ಟನ್. ಬ್ರಿಟನ್ನಿನ ದಕ್ಷಿಣ ತುದಿಯಿಂದ ಉತ್ತರ ತುದಿಗೆ ಸುಮಾರು 2,000 ಕಿಲೋಮೀಟರ್‌ನ ಜಿಬಿ ಡ್ಯೂರೋ ರೇಸನ್ನು ಅವರು ಅದೇ ವರ್ಷ ಗೆದ್ದರು. 2021ರಲ್ಲಿ ಟೂರ್ ಡಿ ಫ್ರಾನ್ಸ್‌ನ ಇಡೀ ದಾರಿಯನ್ನು, ಹಂತದಿಂದ ಹಂತಕ್ಕೆ ಬಸ್ಸಿನಲ್ಲಿ ಹೋಗುವ ದೂರವನ್ನೂ ಸೇರಿಸಿ, ಒಬ್ಬರೇ ತುಳಿದರು. 5,500 ಕಿಲೋಮೀಟರ್‌ಗೂ ಹೆಚ್ಚು. ಮಂಡಿ ನೋವು ಬಂದಾಗ ರೇಸಿಂಗ್ ಶೂ ಬಿಚ್ಚಿ ಚಪ್ಪಲಿ ಹಾಕ್ಕೊಂಡರು ಸ್ವಾಮಿ! ಆದರೂ ನಿಜವಾದ ರೇಸ್‌ಗಿಂತ ಐದು ದಿನ ಮೊದಲೇ ಪ್ಯಾರಿಸ್ ಮುಟ್ಟಿದರು.

ತಂಡಕ್ಕೆ ಇದರಿಂದ ಲಾಭ ಇದೆ. ದೊಡ್ಡ ರೇಸ್‌ನಲ್ಲಿ ನೂರೈವತ್ತಕ್ಕೂ ಹೆಚ್ಚು ರೈಡರ್‌ಗಳ ನಡುವೆ ನಿಮ್ಮವನು ಕಾಣೋದೇ ಇಲ್ಲ. ಒಬ್ಬನೇ ಮಳೆಯಲ್ಲಿ ನೆನೆದುಕೊಂಡು ಹೋದರೆ ಜಗತ್ತು ನೋಡುತ್ತೆ. ಪ್ರಾಯೋಜಕರಿಗೆ ಬೇಕಾಗಿರೋದು ಅದೇ.

ಹಾಗಾದರೆ ಹವ್ಯಾಸಿಯ ಕಥೆ ಮುಗೀತಾ? ಇಲ್ಲಿದೆ ನೋಡಿ ಸ್ವಾರಸ್ಯ. ಅದೇ 2019ರ ಟ್ರಾನ್ಸ್‌ಕಾಂಟಿನೆಂಟಲ್. ಬಲ್ಗೇರಿಯಾದ ಬುರ್ಗಾಸ್‌ನಿಂದ ಫ್ರಾನ್ಸ್‌ನ ಬ್ರೆಸ್ಟ್‌ಗೆ. ಗೆದ್ದಿದ್ದು ಯಾರು ಗೊತ್ತಾ? ಫಿಯೋನಾ ಕೋಲ್ಬಿಂಗರ್. ಜರ್ಮನಿಯ 24 ವರ್ಷದ ಹೆಣ್ಣುಮಗಳು, ಕ್ಯಾನ್ಸರ್ ಸಂಶೋಧಕಿ. ಅದು ಅವರ ಮೊದಲ ಅಲ್ಟ್ರಾ ರೇಸ್. 200ಕ್ಕೂ ಹೆಚ್ಚು ಗಂಡಸರನ್ನು ಹಿಂದೆ ಹಾಕಿ 10 ದಿನ, 2 ಗಂಟೆ, 48 ನಿಮಿಷದಲ್ಲಿ ಮುಗಿಸಿದರು. ದಿನಕ್ಕೆ ಸರಾಸರಿ 400 ಕಿಲೋಮೀಟರ್. ಅಂದ್ರೆ ಬೆಂಗಳೂರಿನಿಂದ ಹುಬ್ಬಳ್ಳಿಯಷ್ಟು ದೂರ, ಪ್ರತಿದಿನ, ಹತ್ತು ದಿನ!

ಇದು ಹೇಗೆ ಸಾಧ್ಯ ಆಯ್ತು? ಐದು ಗಂಟೆಯ ರೇಸ್‌ನಲ್ಲಿ ಕಾಲಿನ ಶಕ್ತಿ, ಶ್ವಾಸಕೋಶದ ಶಕ್ತಿ ತೀರ್ಮಾನ ಮಾಡುತ್ತೆ. ಹತ್ತು ದಿನದ ರೇಸ್‌ನಲ್ಲಿ ಯಾರೂ ಪೂರ್ತಿ ಶಕ್ತಿಯಲ್ಲಿ ತುಳಿಯೋದಿಲ್ಲ. ಅಲ್ಲಿ ತೀರ್ಮಾನ ಮಾಡೋದು ಬೇರೆ ವಿಷಯ. ಎಷ್ಟು ಹೊತ್ತು ಮಲಗಬೇಕು? ಹೊಟ್ಟೆ ಕೆಡದ ಹಾಗೆ ಏನು ತಿನ್ನಬೇಕು? ಯಾವ ಬೆಟ್ಟ ಬಳಸಿ ಹೋಗಬೇಕು? ಅಂಗಡಿಯಲ್ಲಿ ಹತ್ತು ನಿಮಿಷ ಹಾಳು ಮಾಡಿದರೆ, ದಿನಕ್ಕೆ ಆರು ಸಲ ನಿಂತರೆ, ಹತ್ತು ದಿನಕ್ಕೆ ಹತ್ತು ಗಂಟೆ ಹೋಯ್ತು. ಮನೆ ಖರ್ಚು ತೂಗಿಸೋ ಗೃಹಿಣಿಯ ಲೆಕ್ಕಾಚಾರ ಇದು. ಇದನ್ನು ಯಾವ ತಂಡದ ಕಾರೂ ಕಲಿಸೋದಿಲ್ಲ.

ಇನ್ನು ವೃತ್ತಿಪರ ಅಂದ್ರೆ ಯಾರು ಅನ್ನೋ ಗೆರೆಯೂ ಅಷ್ಟು ಸ್ಪಷ್ಟ ಇಲ್ಲ. ಆಸ್ಟ್ರಿಯಾದ ಕ್ರಿಸ್ಟೋಫ್ ಸ್ಟ್ರಾಸರ್ ಅಮೆರಿಕವನ್ನು ಅಡ್ಡಲಾಗಿ ದಾಟುವ ರೇಸ್ ಅಕ್ರಾಸ್ ಅಮೆರಿಕವನ್ನು ಆರು ಸಲ ಗೆದ್ದವರು. ಯಾವ ಟೂರ್ ಡಿ ಫ್ರಾನ್ಸ್ ತಂಡದಿಂದಲೂ ಬಂದವರಲ್ಲ. ಅಲ್ಟ್ರಾ ಸೈಕ್ಲಿಂಗೇ ಅವರ ವೃತ್ತಿ. 2022, 2023ರಲ್ಲಿ ಟ್ರಾನ್ಸ್‌ಕಾಂಟಿನೆಂಟಲನ್ನೂ ಗೆದ್ದರು. ಇವರನ್ನು ಯಾವ ಸಾಲಿಗೆ ಸೇರಿಸ್ತೀರಿ?

ಆದರೆ ಹವ್ಯಾಸಿಗಳ ದೂರಿನಲ್ಲೂ ಸತ್ಯ ಇದೆ. ವೃತ್ತಿಪರರ ಕಾಲು ಬಲವಾಗಿದೆ ಅನ್ನೋದು ಅವರ ತಕರಾರಲ್ಲ. ಅವರ ತಕರಾರು ಹಿಂದೆ ಬರೋ ಕ್ಯಾಮೆರಾ ಬಗ್ಗೆ. 2023ರಲ್ಲಿ ಮಾರ್ಟನ್ ಕೆನಡಾದ ಬ್ಯಾನ್ಫ್‌ನಿಂದ ಮೆಕ್ಸಿಕೋ ಗಡಿಯವರೆಗಿನ ಟೂರ್ ಡಿವೈಡ್ ದಾರಿಯನ್ನು ಹನ್ನೆರಡೂವರೆ ದಿನದಲ್ಲಿ ಮುಗಿಸಿದರು. ಆಗ ದಾಖಲೆ ಇದ್ದದ್ದು ಮೈಕ್ ಹಾಲ್ ಹೆಸರಲ್ಲಿ, ಸುಮಾರು ಹದಿನಾಲ್ಕು ದಿನ. ಮಾರ್ಟನ್ ಒಂದು ದಿನಕ್ಕಿಂತ ಹೆಚ್ಚು ಮುಂದಿದ್ದರು. ಆದರೂ ಅದನ್ನು ಆ ದಾರಿಯ ದಾಖಲೆಯಾಗಿ ಸೇರಿಸಿಕೊಳ್ಳಲಿಲ್ಲ. ಕಾರಣ, ಜೊತೆಯಲ್ಲಿ ಚಿತ್ರೀಕರಣದ ತಂಡ ಇತ್ತು.

"ಕ್ಯಾಮೆರಾದವನು ಪೆಡಲ್ ತುಳಿದನಾ?" ಅಂತ ನೀವು ಕೇಳಬಹುದು. ಇಲ್ಲ. ಆದರೆ ಯೋಚನೆ ಮಾಡಿ. ನಡುರಾತ್ರಿ, ಕಾಡು ದಾರಿ, ಮಳೆ. ಒಬ್ಬನೇ ಇದ್ದೀನಿ ಅನ್ನೋ ಭಯ ಮನುಷ್ಯನನ್ನು ಅರ್ಧ ಸೋಲಿಸುತ್ತೆ. ಹತ್ತಿರದಲ್ಲಿ ಪರಿಚಿತ ಮುಖ ಇದೆ, ಏನಾದ್ರೂ ಆದರೆ ನೋಡ್ತಾರೆ ಅನ್ನೋ ಧೈರ್ಯಕ್ಕೆ ಬೆಲೆ ಕಟ್ಟೋಕಾಗುತ್ತಾ? ಹವ್ಯಾಸಿಗೆ ಆ ಧೈರ್ಯ ಇಲ್ಲ. ನಾನೂ ಕ್ಯಾಮೆರಾ ಮುಂದೆ ಕೂತು ಅನ್ನ ತಿನ್ನೋನು, ಅದಕ್ಕೇ ಹೇಳ್ತಿದ್ದೀನಿ. ಕ್ಯಾಮೆರಾ ಸುಮ್ಮನೆ ನೋಡೋದಿಲ್ಲ, ಎದುರಿಗಿರೋ ಮನುಷ್ಯನನ್ನು ಬದಲಾಯಿಸುತ್ತೆ.

ಇದಕ್ಕಿಂತ ಗಂಭೀರವಾದದ್ದು ನಿದ್ದೆ. ಮುಂದಿರೋರ ವೇಗ ಹೆಚ್ಚಾದ ಹಾಗೆ ಹಿಂದಿರೋರು ಕಡಿತ ಮಾಡೋದು ನಿದ್ದೆಯನ್ನೇ. ನಿದ್ದೆಗೆಟ್ಟ ರೈಡರ್, ಕತ್ತಲು, ಹೆದ್ದಾರಿ. ಈ ಮೂರೂ ಸೇರಿದರೆ ಏನಾಗುತ್ತೆ ಅಂತ ನಮ್ಮ ಹೈವೇಗಳಲ್ಲಿ ಓಡಾಡೋ ನಿಮಗೆ ನಾನು ಹೇಳಬೇಕಾಗಿಲ್ಲ. ಈ ಆಟಕ್ಕೆ ದಾರಿ ತೋರಿದ ಮೈಕ್ ಹಾಲ್ ಅವರೇ 2017ರ ಮಾರ್ಚ್ 31ರಂದು ಆಸ್ಟ್ರೇಲಿಯಾದ ಕ್ಯಾನ್‌ಬೆರಾ ಬಳಿ, ರೇಸ್ ನಡುವೆಯೇ, ಬೆಳಕು ಹರಿಯುವ ಮೊದಲು ಕಾರು ಡಿಕ್ಕಿಯಾಗಿ ತೀರಿಕೊಂಡರು. ಹೆದ್ದಾರಿ ಯಾರ ಹೆಸರನ್ನೂ ನೋಡೋದಿಲ್ಲ.

ನಮಗೂ ಇದಕ್ಕೂ ಏನು ಸಂಬಂಧ ಅಂತೀರಾ? 2017ರಲ್ಲಿ ರೇಸ್ ಅಕ್ರಾಸ್ ಅಮೆರಿಕವನ್ನು ಒಂಟಿಯಾಗಿ ಪೂರೈಸಿದ ಮೊದಲ ಭಾರತೀಯರು ಶ್ರೀನಿವಾಸ್ ಗೋಕುಲನಾಥ್ ಮತ್ತು ಅಮಿತ್ ಸಮರ್ಥ್. ಇಬ್ಬರೂ ಡಾಕ್ಟರ್‌ಗಳು. ಸೈಕಲ್ ಅವರ ಹೊಟ್ಟೆಪಾಡಲ್ಲ, ಹುಚ್ಚು! ಬೆಂಗಳೂರಿನಲ್ಲೂ 200, 300, 600 ಕಿಲೋಮೀಟರ್‌ನ ಬ್ರೆವೆ ಸವಾರಿಗಳಿಗೆ ಹೊರಡುವ ನೂರಾರು ಜನ ಇದ್ದಾರೆ. ಅಲ್ಲಿ ರ‍್ಯಾಂಕ್ ಇಲ್ಲ, 200 ಕಿಲೋಮೀಟರನ್ನು ಹದಿಮೂರೂವರೆ ಗಂಟೆಯೊಳಗೆ ಮುಗಿಸಿದರೆ ಸಾಕು. ನಿಮ್ಮ ಮನೆಯ ಮಗನೋ ಮಗಳೋ ನಾಳೆ ಇದಕ್ಕೆ ಹೊರಡಬಹುದು.

ಹಾಗಾಗಿ ನನ್ನ ಅಭಿಪ್ರಾಯ ಇಷ್ಟೇ. ವೃತ್ತಿಪರರು ಬರಲಿ, ಬಾಗಿಲು ಹಾಕಬೇಡಿ. ಹಣ ಕೊಟ್ಟರೂ ಸಚಿನ್ ಜೊತೆ ಬ್ಯಾಟ್ ಹಿಡಿಯೋ ಅವಕಾಶ ನಮಗೆ ಸಿಗಲ್ಲ. ಇಲ್ಲಿ ಸಾಮಾನ್ಯನಿಗೂ ಆ ಅವಕಾಶ ಇದೆ. ಆದರೆ ಆನೆ ನಡೆದದ್ದೇ ದಾರಿ ಅಂತಾಗಬಾರದು. ತಂಡದ ಕಾರು, ಕ್ಯಾಮೆರಾ ವ್ಯಾನು, ಸಿಬ್ಬಂದಿ ಎಲ್ಲವೂ ಸ್ಟಾರ್ಟಿಂಗ್ ಲೈನ್‌ನಲ್ಲೇ ಉಳಿಯಲಿ. ಕನಿಷ್ಠ ವಿಶ್ರಾಂತಿಯ ನಿಯಮ ಬರಲಿ, ಅದು ಗೆಲ್ಲೋನಿಗೂ ಇರಲಿ, ಕೊನೇಲಿ ಬರೋನಿಗೂ ಇರಲಿ.

ನಿಯಮ ಒಂದೇ ಆಗಿದ್ದರೆ ಯಾರು ಗೆದ್ದರೂ ಸೋತವನಿಗೆ ಬೇಸರ ಇರೋದಿಲ್ಲ. ನಿಯಮ ಎರಡಾದ ದಿನ, ರಜೆ ಹಾಕಿ ಬಂದ ಆ ಬ್ಯಾಂಕ್ ನೌಕರ ಮುಂದಿನ ವರ್ಷ ಬರೋದಿಲ್ಲ. ಅವನೇ ಬರದ ಮೇಲೆ ಇದು ಇನ್ನೊಂದು ಟೂರ್ ಡಿ ಫ್ರಾನ್ಸ್ ಆಗುತ್ತೆ ಅಷ್ಟೇ. ಅದು ಆಗಲೇ ಒಂದು ಇದೆಯಲ್ಲ?